ಬಿಳೇಕಲ್ಲು ಕೆರೆಗೆ ಗೆಂಡೆ ಬಿಟ್ಟ ಮೇಲೆ

ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಈಚೆಗೆ ಮೀನುಗಾರಿಕೆ ಇಲಾಖೆಗೆ ಸೇರಿದಳು. ಸೇರಿದ ವಾರವೇ ನಮ್ಮ ಮನೆಗೆ ಬಂದು, "ತಾತ, ನೀವೂ ಅಲ್ಲೇ ಅಲ್ವಾ ಇದ್ದಿದ್ದು? ನಿಜವಾಗ್ಲೂ ಅಲ್ಲಿ ಏನು ಕೆಲಸ ಇರುತ್ತೆ ಹೇಳಿ" ಎಂದಳು. ತರಬೇತಿಯಲ್ಲಿ ಹೇಳಿಕೊಡುವುದೆಲ್ಲ ಅವಳಿಗೆ ಗೊತ್ತು. ನೀರಿನ ಗುಣ, ಮರಿಗಳ ಆಹಾರ, ರೋಗ, ಔಷಧ, ಇವೆಲ್ಲ ನನಗಿಂತ ಚೆನ್ನಾಗಿಯೇ ಗೊತ್ತು. ಅದನ್ನು ಬಿಟ್ಟರೆ ನಾನು ಹೇಳಬಹುದಾದದ್ದು ಏನಿದೆ ಎಂದು ಯೋಚಿಸುತ್ತ ಕೂತೆ. ಆಮೇಲಿನ ವರ್ಷಗಳಲ್ಲಿ ಬಡ್ತಿ ಬಂತು, ಮೇಜು ಬಂತು, ಜೀಪು ಬಂತು. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮೊದಲ ಕೆಲವು ವರ್ಷ ಸೈಕಲ್ಲಿನಲ್ಲಿ ಕೆರೆ ಸುತ್ತುತ್ತಿದ್ದಾಗ ಆದದ್ದನ್ನು ಮಾತ್ರ ಅವಳಿಗೆ ಬರೆದುಕೊಡಬೇಕೆನಿಸಿತು.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ, ಫೀಲ್ಡ್‌ಮನ್ ಎಂಬ ಹೆಸರಿನಲ್ಲಿ. ನಮ್ಮದು ಮೀನು ಮುಟ್ಟದ ಮನೆ. ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿತೆಂದು ಮೊದಲು ಎಲ್ಲರಿಗೂ ಹೇಳಿಕೊಂಡು ಬಂದರು, ಯಾವ ಕೆಲಸ ಎಂದು ಕೇಳಿದವರಿಗೆ "ಕೆರೆಗಳದ್ದು" ಎಂದಷ್ಟೇ ಹೇಳುತ್ತಿದ್ದರು. ಅಮ್ಮ ನನಗಾಗಿ ಹಿತ್ತಲಿನಲ್ಲಿ ಒಂದು ಹಂಡೆ ನೀರು ಬೇರೆಯಾಗಿಟ್ಟಳು. ನಾನು ಅಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಒಳಗೆ ಬರಬೇಕು. ಇಷ್ಟು ವರ್ಷ ಮೀನು ಸಾಕಿದ ನಾನು ಒಂದು ತುಂಡು ಮೀನನ್ನೂ ತಿಂದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನನ್ನು ಕಂಡ ಎಲ್ಲರೂ ಮೊದಲು ಕೇಳುವುದು ಅದನ್ನೇ.

ನಮ್ಮ ಸೂಪರಿಂಟೆಂಡೆಂಟ್ ಪೊನ್ನಪ್ಪನವರು ಕೊಡಗಿನವರು. ದೊಡ್ಡ ಮೈಕಟ್ಟು, ಸಣ್ಣ ದನಿ. ನಾನು ಹಾಜರಾದ ದಿನ ಅವರು ಕೇಳಿದ್ದು ಎರಡೇ ಮಾತು.

"ಈಜು ಬರುತ್ತಾ?"

"ಇಲ್ಲ ಸಾರ್."

"ಸೈಕಲ್ಲು?"

"ಬರುತ್ತೆ ಸಾರ್."

"ಸರಿ. ಈಜು ಕಲಿಯೋ ತನಕ ಸೊಂಟಕ್ಕಿಂತ ಮೇಲೆ ನೀರಿಗೆ ಇಳೀಬೇಡ, ಶಿವರುದ್ರಯ್ಯ. ನಿನ್ನ ಹುಡುಕೋಕೆ ನನ್ನ ಹತ್ರ ಬೇರೆ ಜನ ಇಲ್ಲ."

ಆಗ ಮೀನಿನ ಮರಿಗಳನ್ನು ಸಾಗಿಸುತ್ತಿದ್ದದ್ದು ಅಗಲ ಬಾಯಿಯ ಮಣ್ಣಿನ ಮಡಕೆಗಳಲ್ಲಿ, ಇಲ್ಲವೇ ತಗಡಿನ ಡಬ್ಬಗಳಲ್ಲಿ. ಈಗಿನಂತೆ ಪ್ಲಾಸ್ಟಿಕ್ ಚೀಲಕ್ಕೆ ಆಮ್ಲಜನಕ ತುಂಬಿ ಕಟ್ಟಿಬಿಡುವ ಅನುಕೂಲ ಇರಲಿಲ್ಲ. ದಾರಿಯುದ್ದಕ್ಕೂ ಒಬ್ಬ ಕೈಯಿಂದ ನೀರನ್ನು ಎತ್ತಿ ಎತ್ತಿ ಹುಯ್ಯುತ್ತಲೇ ಇರಬೇಕು, ಆ ಅಲುಗಾಟದಲ್ಲೇ ಮರಿಗಳಿಗೆ ಉಸಿರು. ಮೊದಲ ಸಲ ನಾನು ಡಬ್ಬ ಹಿಡಿದು ಬಸ್ಸು ಹತ್ತಿದಾಗ, ಪಕ್ಕದವರ ರೇಷ್ಮೆ ಸೀರೆಗೆ ನೀರು ಸಿಡಿಯುತ್ತದೆಂದು ಮುಚ್ಚಳ ಹಾಕಿ ಮರ್ಯಾದೆಯಿಂದ ಕೂತೆ. ಇಳಿದು ತೆಗೆದು ನೋಡಿದರೆ ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪೊನ್ನಪ್ಪನವರು ಬೈಯಲಿಲ್ಲ. "ಇನ್ನು ಮೇಲೆ ನಾಚಿಕೆ ಮನೇಲಿ ಬಿಟ್ಟು ಬಾ" ಎಂದರು. ಆ ಮೇಲೆ ನಾನು ಸೈಕಲ್ಲಿಗೇ ಡಬ್ಬ ಕಟ್ಟಿಕೊಂಡು ಓಡಾಡಿದೆ. ಹಳ್ಳದ ರಸ್ತೆಯಲ್ಲಿ ಸೈಕಲ್ಲು ಕುಲುಕಿದಷ್ಟೂ ಮರಿಗಳು ಚುರುಕಾಗಿರುತ್ತಿದ್ದವು.

ಈಗ ಬಸವೇಶ್ವರನಗರ ಎನ್ನುವ ಕಡೆಯಲ್ಲಿ ಆಗ ರಾಗಿ ಹೊಲ, ಅವರೆ ಹೊಲ. ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಅಲ್ಲಿಂದ ಮಾಗಡಿ ರಸ್ತೆ ಹಿಡಿದು ಶ್ರೀಗಂಧದ ಕಾವಲಿನ ಕಡೆ ಹೋದರೆ ಬಲಗಡೆ ತಗ್ಗಿನಲ್ಲಿ ಒಂದು ಸಣ್ಣ ಕೆರೆ. ಊರವರು ಬಿಳೇಕಲ್ಲು ಕೆರೆ ಎನ್ನುತ್ತಿದ್ದರು. ಈಗ ಅದನ್ನು ಹುಡುಕಿದರೆ ಸಿಗುವುದಿಲ್ಲ. ಮೂಡಲ ದಂಡೆಯಲ್ಲಿ ಮಡಿವಾಳರ ಕಲ್ಲುಗಳಿದ್ದವು. ರಾಜಾಜಿನಗರದ ಹೊಸ ಮನೆಗಳ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಆ ದಂಡೆಯಲ್ಲಿ ಮುಖ್ಯವಾಗಿ ದುಡಿಯುತ್ತಿದ್ದವರು ನಂಜಮ್ಮ ಮತ್ತು ಅವಳ ಗಂಡ ಕೆಂಚಪ್ಪ. ಮಕ್ಕಳಿರಲಿಲ್ಲ, ಒಂದು ಕತ್ತೆಯಿತ್ತು. ನಂಜಮ್ಮನಿಗೆ ಆಗ ನಲವತ್ತರ ಹತ್ತಿರ. ಬೆಳಗಿನಿಂದ ಮೊಣಕಾಲುದ್ದದ ನೀರಿನಲ್ಲಿ ನಿಂತು ಬಟ್ಟೆ ಬಡಿಯುವಳು. ಮಾತು ನೇರ. ಕೆಂಚಪ್ಪ ಅವಳಿಗೆ ವಿರುದ್ಧ; ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವನು.

ಆ ವರ್ಷ ನಮ್ಮಲ್ಲಿಗೆ ಹೊಸ ಜಾತಿಯ ಗೆಂಡೆ ಮೀನು ಬಂದಿತ್ತು. ಪುಸ್ತಕದಲ್ಲಿ ಕಾಮನ್ ಕಾರ್ಪ್ ಎಂದು ಹೆಸರು. ಹಳ್ಳಿಯವರು ಅದನ್ನು ಗೌರ್ಮೆಂಟ್ ಮೀನು ಎಂದರು. ಬೇಗ ಬೆಳೆಯುತ್ತದೆ, ಏನು ಕೊಟ್ಟರೂ ತಿನ್ನುತ್ತದೆ, ನಿಂತ ನೀರಿನಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ನಮ್ಮ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತಿರಲಿಲ್ಲ, ಅವುಗಳ ಮರಿಗಾಗಿ ದೂರದಿಂದ ಬರುವ ರೈಲು ಕಾಯಬೇಕಿತ್ತು. ಹಾಗಾಗಿ ಈ ಗೆಂಡೆಯನ್ನು ಕಂಡರೆ ಇಲಾಖೆಯಲ್ಲಿ ಎಲ್ಲರಿಗೂ ಹಿಗ್ಗು. ಬಿಳೇಕಲ್ಲು ಕೆರೆಗೆ ಅದನ್ನು ತಂದು ಬಿಟ್ಟವನು ನಾನೇ. ನಂಜಮ್ಮ ಬಟ್ಟೆ ಹಿಂಡುತ್ತ ನಿಂತಿದ್ದವಳು ಹತ್ತಿರ ಬಂದು ಡಬ್ಬದೊಳಗೆ ಇಣುಕಿದಳು.

"ಇದು ದೊಡ್ಡದಾಗ್ತದಾ ಸಾಮಿ?"

"ಮೊಳದುದ್ದ ಆಗುತ್ತೆ ನಂಜಮ್ಮ."

"ಆಗ್ಲಿ ಬುಡಿ. ಮಳೆಗಾಲದಾಗೆ ಮೀನಿನ ಸಾರಿಗಾದ್ರೂ ಆಯ್ತದೆ."

ಮುಂದಿನ ವರ್ಷ ಅವು ಮೊಳದುದ್ದ ಆಗುತ್ತ ಬಂದವು. ಮಧ್ಯಾಹ್ನದ ಹೊತ್ತು ದಂಡೆಯ ಮೇಲೆ ನಿಂತರೆ ನೀರಿನಡಿಯಿಂದ ಸಾಲುಗುಳ್ಳೆಗಳು ಏಳುತ್ತಿದ್ದವು. ಅಲ್ಲೊಂದು ಗೆಂಡೆ ಮೂತಿ ಹೂತು ಕೆಸರು ಕೆದಕುತ್ತಿದೆ ಎಂದರ್ಥ. ನನಗೆ ಅದನ್ನು ನೋಡುವುದೇ ಸಂತೋಷ. ಆ ಸಂತೋಷದಲ್ಲಿ ನೀರಿನ ಬಣ್ಣ ಬದಲಾಗಿದ್ದನ್ನು ನಾನು ಗಮನಿಸಲಿಲ್ಲ. ಒಂದು ದಿನ ನಂಜಮ್ಮ ನನ್ನ ಸೈಕಲ್ಲಿಗೆ ಅಡ್ಡ ನಿಂತಳು. ಕೈಯಲ್ಲಿ ಒಂದು ಪಂಚೆ ಇತ್ತು.

"ಇದು ಒಗ್ದಿದ್ದಾ, ಒಗೀದೇ ಇದ್ದದ್ದಾ, ನೀವೇ ಹೇಳಿ ಸಾಮಿ."

ನಾನು ಮುಟ್ಟಿ ನೋಡಿದೆ. ಗರಿಗರಿಯಾಗಿತ್ತು, ಆದರೆ ಚಹಾದ ನೀರಿನಲ್ಲಿ ಅದ್ದಿದ ಬಣ್ಣ.

"ಉಬ್ಬೆಗೆ ಹಾಕಿ ಬೇಯಿಸಿ, ನೀಲಿ ಹಾಕಿ, ಮೂರು ಸಲ ಜಾಲಿಸಿದೀನಿ. ರಾಜಾಜಿನಗರದಲ್ಲಿ ಎರಡು ಮನೇರು ಬಟ್ಟೆ ಬೇರೆಯೋರಿಗೆ ಕೊಟ್ರು. ಇನ್ನೊಬ್ಬಮ್ಮ ಸೀರೆ ನನ್ನ ಮುಂದೇನೇ ಹೊಸಲ ಮೇಲೆ ಹಾಕಿ, ಇನ್ನು ಬರಬ್ಯಾಡ ಅಂದ್ರು. ನೀರು ಕೆಟ್ಟಿದ್ದು ನಿಮ್ಮ ಮೀನು ಬಂದ ಮ್ಯಾಲೆ."

ನಾನು ಮಳೆ ಕಡಿಮೆಯಾಗಿದೆ, ಕೆರೆಗೆ ಹೊಸ ಮಣ್ಣು ಬಂದಿದೆ ಎಂದೇನೋ ಹೇಳಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು, ಪಂಚೆ ಮಡಚಿಕೊಂಡು ಹೋದಳು. ಅವಳು ಕೂಗಾಡಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಕೆಂಚಪ್ಪ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದ. ಒಗೆಯಲು ಅವನ ಮುಂದೆ ಬಟ್ಟೆಯೇ ಇರಲಿಲ್ಲ.

ಇದನ್ನು ಪೊನ್ನಪ್ಪನವರಿಗೆ ಹೇಳಲು ನನಗೆ ಭಯವಿತ್ತು. ಆ ಕೆರೆಯ ಗೆಂಡೆ ಎಷ್ಟು ಬೆಳೆದಿದೆ ಎಂದು ಅವರು ಮೇಲಿನವರ ಮುಂದೆ ಹೊಗಳಿಕೊಂಡಿದ್ದರು. ಆದರೂ ಹೇಳಿದೆ. ಅವರು ಮರುದಿನ ಬಂದು ಪ್ಯಾಂಟು ಮಡಚಿ ನೀರಿಗಿಳಿದರು, ತಮ್ಮ ಕಾಲು ತಮಗೇ ಕಾಣದಷ್ಟು ದೂರ ನಡೆದರು, ನಿಂತರು. ಎಷ್ಟೋ ಹೊತ್ತು ಗುಳ್ಳೆ ಏಳುವುದನ್ನು ನೋಡಿದರು.

"ಹಂದಿ ನೆಲ ಕೆದಕೋ ಹಾಗೆ ಕೆದಕ್ತಾವೆ" ಎಂದರು. "ಹೊಂಡದಲ್ಲಿ ಸಾಕಿದಾಗ ಇದು ನಮಗೆ ಗೊತ್ತಿತ್ತು. ಅಲ್ಲಿ ಯಾರೂ ಬಟ್ಟೆ ಒಗೀತಿರಲಿಲ್ಲ, ಅಷ್ಟೇ."

"ಏನು ಮಾಡೋಣ ಸಾರ್?"

"ಬಿಟ್ಟೋರು ನಾವು. ತೆಗೀಬೇಕಾದೋರೂ ನಾವೇ. ಮೇಲಿನವರು ಕೇಳಿದ್ರೆ ನಾನು ಹೇಳ್ಕೋತೀನಿ."

ಕೆಂಗೇರಿ ಕಡೆಯಿಂದ ಎಳೆಬಲೆಯವರನ್ನು ಕರೆಸಿದೆವು. ಆಗಿನ ಬಲೆಗಳು ಹತ್ತಿ ನೂಲಿನವು. ಕೊಳೆಯದಿರಲೆಂದು ತಂಗಡಿ ಗಿಡದ ಚಕ್ಕೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. ನೆನೆದರೆ ನಾಲ್ಕು ಜನ ಸೇರಿ ಹೊರಬೇಕಾದಷ್ಟು ಭಾರ. ಎರಡು ದಂಡೆಯಲ್ಲೂ ಸಾಲಾಗಿ ನಿಂತು, ಹಾಡು ಹೇಳಿಕೊಂಡು, ಈ ತುದಿಯಿಂದ ಆ ತುದಿಗೆ ಎಳೆದರು. ಬಲೆ ಹತ್ತಿರ ಬಂದಂತೆ ಊರಿನವರೆಲ್ಲ ಬುಟ್ಟಿ ಹಿಡಿದು ನಿಂತರು. ಮೇಲೆ ಬಂದದ್ದು ಒಡೆದ ಕೊಡ, ಒಂದು ಚಪ್ಪಲಿ, ಹಿಡಿ ತುಂಬ ಬೆರಳುದ್ದದ ಮೀನು. ಮೊಳದುದ್ದದ ಗೆಂಡೆ ಒಂದೂ ಇಲ್ಲ. ಬಲೆ ಬರುವುದು ತಿಳಿದೊಡನೆ ಅವು ಕೆಸರಿಗೆ ಮುಖ ಹೂತು ಮಲಗಿಬಿಡುತ್ತವೆ, ಬಲೆಯ ಅಡಿಹಗ್ಗ ಬೆನ್ನ ಮೇಲಿನಿಂದ ಉರುಳಿಹೋಗುತ್ತದೆ. ಇದನ್ನು ನಾವು ಅವತ್ತು ನೀರಿನಲ್ಲಿ ನಿಂತು ಕಲಿತದ್ದು. ಎರಡನೆಯ ದಿನವೂ ಎಳೆದರು. ಅದೇ ಕಥೆ.

ಆಮೇಲೆ ಪೊನ್ನಪ್ಪನವರು ಕೆರೆಯನ್ನು ಗಾಳ ಹಾಕುವವರಿಗೆ ತೆರೆದರು. ಟಿಕೆಟ್ಟು ಹರಿದು ಕೊಡುವ, ಗದ್ದಲವಾಗದಂತೆ ನೋಡಿಕೊಳ್ಳುವ ಕೆಲಸ ನನ್ನದಾಯಿತು. ಹೀಗೆ ನಾನು ಎರಡು ಹಂಗಾಮು ದಂಡೆಯ ಮೇಲೆ ಕೂತೆ.

ಅಲ್ಲಿಗೆ ಬರುತ್ತಿದ್ದವರಲ್ಲಿ ಸೆಲ್ವರಾಜ್ ಮೊದಲಿಗ. ಮಾಗಡಿ ರಸ್ತೆ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಫಿಟ್ಟರ್. ವಾರಕ್ಕೊಂದು ರಜೆ, ಆ ರಜೆ ಕೆರೆಗೆ. ಅವನ ಸಾಮಾನೆಲ್ಲ ಅವನೇ ಮಾಡಿಕೊಂಡದ್ದು. ಬಿದಿರಿನ ಗಳವನ್ನು ಬೆಂಕಿಯ ಮೇಲೆ ಕಾಯಿಸಿ ನೆಟ್ಟಗೆ ಮಾಡಿದ್ದ. ಗಿರಣಿಯಲ್ಲಿ ಎಸೆದ ಹಳೆಯ ನೂಲಿನ ಬಾಬಿನ್‌ಗೆ ಹಿಡಿ ಕೂರಿಸಿ ರೀಲು ಮಾಡಿಕೊಂಡಿದ್ದ. ನವಿಲುಗರಿಯ ದಂಟೇ ನೀರಿನ ಮೇಲೆ ತೇಲುವ ಬೆಂಡು. ಅದರ ತುದಿಗೆ ಹೆಂಡತಿಯ ಕುಂಕುಮ ಕಲಸಿ ಅರಗಿನಿಂದ ಮೆತ್ತಿದ್ದ, ದೂರದಿಂದ ಕಾಣಲೆಂದು. ಮೊದಮೊದಲು ಹುರಿಗೊಳಿಸಿದ ನೂಲಿನ ದಾರ. ಆಮೇಲೆ ಮದ್ರಾಸಿನಿಂದ ಯಾರೋ ನೈಲಾನ್ ಎಳೆ ತಂದುಕೊಟ್ಟರು. ಆ ದಿನ ದಂಡೆಯಲ್ಲಿದ್ದವರೆಲ್ಲ ಅದನ್ನು ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಹಲ್ಲಿನಲ್ಲಿ ಕಚ್ಚಿ ನೋಡಿದರು. ನೀರಿಗೆ ಬಿಟ್ಟರೆ ಕಾಣುವುದೇ ಇಲ್ಲ, ನೆನೆದರೂ ಕೊಳೆಯುವುದಿಲ್ಲ. ತಂಗಡಿ ಚಕ್ಕೆಯ ಕೆಲಸ ಮುಗಿಯಿತು ಎಂದು ಅವತ್ತೇ ನನಗನ್ನಿಸಿತು.

ಗೆಂಡೆಗೆ ಎರೆಹುಳಕ್ಕಿಂತ ರಾಗಿಮುದ್ದೆ ಇಷ್ಟ. ಸೆಲ್ವರಾಜ್ ಮುದ್ದೆಗೆ ಕಡಲೆಕಾಯಿ ಹಿಂಡಿ, ಚೂರು ಬೆಲ್ಲ ಸೇರಿಸಿ ನಾದುತ್ತಿದ್ದ. ಮೊದಲು ಅದನ್ನೇ ಉಂಡೆ ಮಾಡಿ ಒಂದೇ ಜಾಗಕ್ಕೆ ಎಸೆದು, ಮೀನಿಗೆ ಊಟದ ಜಾಗ ಅಭ್ಯಾಸ ಮಾಡಿಸಬೇಕು. ಆಮೇಲೆ ಗಾಳ. ಗೆಂಡೆ ಬೇರೆ ಮೀನಿನ ಹಾಗೆ ಎಳೆದುಕೊಂಡು ಓಡುವುದಿಲ್ಲ. ತುಟಿಯಲ್ಲಿ ಹಿಡಿಯುತ್ತದೆ, ಉಗುಳುತ್ತದೆ, ಮತ್ತೆ ಹಿಡಿಯುತ್ತದೆ. ಬೆಂಡು ನಡುಗುತ್ತದೆ, ನಿಲ್ಲುತ್ತದೆ. ಆಗ ಎಳೆದವನಿಗೆ ಬರಿಗಾಳ. ಬೆಂಡು ಅಡ್ಡ ಮಲಗಿ, ಮೆಲ್ಲಗೆ ಪಕ್ಕಕ್ಕೆ ನಡೆಯತೊಡಗಿದಾಗ ಮಾತ್ರ ಎಳೆಯಬೇಕು. "ಅದು ಯೋಚನೆ ಮಾಡುತ್ತೆ ಸಾರ್" ಎನ್ನುತ್ತಿದ್ದ ಸೆಲ್ವರಾಜ್. "ನಾವೂ ಅಷ್ಟೊತ್ತು ಕಾಯ್ಬೇಕು."

ದಂಡೆಗೆ ಅದರದೇ ಆದ ರೀತಿನೀತಿ ಬಂತು. ಯಾರೂ ಇನ್ನೊಬ್ಬರ ಗಳವನ್ನು ದಾಟಬಾರದು. ನೆರಳು ನೀರಿಗೆ ಬೀಳುವಂತೆ ನಿಲ್ಲಬಾರದು. ಬುತ್ತಿ ಬಿಚ್ಚಿದರೆ ಪಕ್ಕದವನಿಗೆ ಒಂದು ತುತ್ತು ಕೇಳಬೇಕು. ಕಚೇರಿಯ ಗುಮಾಸ್ತರು ಛತ್ರಿ ನೆಟ್ಟುಕೊಂಡು ಕೂತಿರುತ್ತಿದ್ದರು. ಅವರ ಪಕ್ಕದಲ್ಲಿ ಬೀಡಿ ಸೇದುತ್ತ ಗಾರೆಯವನು. ಊರಿನಲ್ಲಿ ಎದುರಾದರೆ ಮಾತಾಡದವರು ಇಲ್ಲಿ ಒಬ್ಬರ ದಾರ ಒಬ್ಬರು ಬಿಡಿಸಿಕೊಡುತ್ತಿದ್ದರು. ನಾನು ಮೀನು ತಿನ್ನುವವನಲ್ಲವೆಂದು ತಿಳಿದ ಮೇಲೆ ನನ್ನ ಪಾಲಿಗೆ ಚಿತ್ರಾನ್ನ, ಅವಲಕ್ಕಿ ಬರುತ್ತಿತ್ತು.

ಕೆಲಸವಿಲ್ಲದ ಕೆಂಚಪ್ಪ ಮೊದಲು ದೂರದಲ್ಲಿ ಕೂತು ನೋಡುತ್ತಿದ್ದ. ಆಮೇಲೆ ಸೆಲ್ವರಾಜನಿಗೆ ಹಿಂಡಿ ನಾದಿಕೊಡತೊಡಗಿದ. ಸೆಲ್ವರಾಜ್ ಅವನಿಗೊಂದು ಗಳ ಮಾಡಿಕೊಟ್ಟ. ಕೆಂಚಪ್ಪನ ಮೌನ ಗೆಂಡೆಗೆ ಸರಿಹೋಯಿತು. ಎಲ್ಲರಿಗಿಂತ ಹೆಚ್ಚು ಮೀನು ಅವನಿಗೇ ಬೀಳುತ್ತಿತ್ತು. ಮೀನು ಮೇಲೆ ಬಂದಾಗ ಅವನ ಮುಖದಲ್ಲಿ ಒಂದು ನಗು ಬರುತ್ತಿತ್ತು. ಅದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಉಳಿದ ಎರಡು ಮೂರು ಮನೆಯ ಬಟ್ಟೆಯನ್ನು ನಂಜಮ್ಮ ಒಬ್ಬಳೇ ಒಗೆಯುತ್ತಿದ್ದಳು, ಬೆನ್ನು ನಮ್ಮ ಕಡೆ ಮಾಡಿಕೊಂಡು.

ಒಂದು ಮಧ್ಯಾಹ್ನ ಅವಳು ಕಲ್ಲಿನ ಪಕ್ಕ ನೀರಿಗಿಳಿದವಳು ನಿಂತಲ್ಲೇ ನಿಂತುಬಿಟ್ಟಳು. ಕೂಗಲಿಲ್ಲ. "ಇಲ್ಲಿ ಬನ್ನಿ ಯಾರಾದ್ರೂ" ಎಂದಳು. ಯಾರೋ ದಾರ ಹರಿದು ಬಿಟ್ಟುಹೋದ ಗಾಳ ಅವಳ ಹಿಮ್ಮಡಿಯ ಪಕ್ಕ ಪೂರ್ತಿ ಇಳಿದಿತ್ತು. ಎತ್ತಿ ತಂದು ದಂಡೆಯ ಮೇಲೆ ಕೂರಿಸಿದೆವು. ಗಾಳದ ಮೊನೆಗೆ ಹಿಮ್ಮುಳ್ಳು ಇರುತ್ತದೆ, ಬಂದ ದಾರಿಯಲ್ಲಿ ಎಳೆದರೆ ಮಾಂಸ ಕಿತ್ತು ಬರುತ್ತದೆ. ಸೆಲ್ವರಾಜ್ ಚೀಲದಿಂದ ಇಕ್ಕಳ ತೆಗೆದ.

"ಅಕ್ಕ, ಒಂದೇ ಸಲ ನೋವು. ಮುಂದಕ್ಕೆ ಚುಚ್ಚಿ ಮೊನೆ ಹೊರಗೆ ತೆಗೀತೀನಿ, ಮುಳ್ಳು ಕತ್ತರಿಸಿ ಆಮೇಲೆ ಹಿಂದಕ್ಕೆ ಎಳೀತೀನಿ."

"ಮಾತು ಸಾಕು, ಮಾಡಿ" ಎಂದಳು. ಕೆಂಚಪ್ಪನ ಭುಜವನ್ನು ಹಿಡಿದುಕೊಂಡಳು. ಮೊನೆ ಚರ್ಮ ಸೀಳಿ ಹೊರಬಂದಾಗ ಅವಳ ಉಗುರು ಅವನ ಭುಜಕ್ಕಿಳಿದು ರಕ್ತ ಬಂತು. ಗಾಯಕ್ಕೆ ಸುಣ್ಣ ಅರಿಸಿನ ಕಟ್ಟಿದ ಮೇಲೆ ಅವಳು ನನ್ನನ್ನು ನೋಡಿದಳು.

"ಮೀನು ತಂದ್ರಿ. ಆಮೇಲೆ ಮೀನು ಹಿಡಿಯೋರ್ನ ತಂದ್ರಿ. ಈಗ ನನಗೆ ನೀರಿಗೆ ಇಳಿಯಾಕೂ ಜಾಗ ಇಲ್ಲ. ಇನ್ನೇನು ತರ್ತೀರಿ ಸಾಮಿ?"

ಆ ವಾರವೇ ಕಲ್ಲುಗಳ ಸುತ್ತ ಗೂಟ ನೆಟ್ಟು, ಆ ಕಡೆ ಗಾಳ ಹಾಕಬಾರದೆಂದು ಮಾಡಿದೆ. ಸೆಲ್ವರಾಜ್ ಮತ್ತು ನಾನು ನೀರಿನಲ್ಲಿ ಕಾಲಾಡಿಸಿ ಉಳಿದ ಗಾಳಗಳಿಗಾಗಿ ಹುಡುಕಿದೆವು. ಆದರೆ ನಂಜಮ್ಮ ಮತ್ತೆ ಬರಲಿಲ್ಲ. ರಾಜಾಜಿನಗರದಲ್ಲಿ ಅವಳ ತಂಗಿ ಇದ್ದಳು. ಅಲ್ಲಿಗೆ ಹೋಗಿ, ಒಂದು ಬೇವಿನ ಮರದ ಕೆಳಗೆ ಇದ್ದಿಲ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಕೂತಳೆಂದು ತಿಳಿಯಿತು.

ಕೆಂಚಪ್ಪ ಹೋಗಲಿಲ್ಲ. ಅವನು ದಂಡೆಯಲ್ಲೇ ಉಳಿದ. ಬೆಳಗಾದರೆ ಗಳ, ಕತ್ತಲಾದರೆ ಗುಡಿಸಲು. ಹಿಡಿದ ಮೀನನ್ನು ಊರಲ್ಲಿ ಕೊಟ್ಟು ರಾಗಿ ತರುತ್ತಿದ್ದ. ಕತ್ತೆ ಮೈ ಇಳಿದು ಮೂಳೆ ಕಾಣುತ್ತಿತ್ತು. ನಾನು ಎರಡು ಮೂರು ಸಲ ಹೇಳಿದೆ.

"ಕೆಂಚಪ್ಪ, ಹೆಂಡ್ತಿ ಒಬ್ಬಳೇ ದುಡೀತಾ ಇದ್ದಾಳೆ. ಹೋಗಪ್ಪ."

"ಹೋಯ್ತೀನಿ ಸಾಮಿ" ಎನ್ನುವನು, ಬೆಂಡಿನಿಂದ ಕಣ್ಣು ತೆಗೆಯದೆ. "ಇದೊಂದು ಮೇಲೆ ಬರ್ಲಿ."

ಕೆರೆಯಲ್ಲಿ ಒಂದು ದೊಡ್ಡ ಗೆಂಡೆಯಿತ್ತು. ಎಲ್ಲರ ದಾರವನ್ನೂ ಒಂದೊಂದು ಸಲ ಹರಿದಿತ್ತು. ಕೆಂಚಪ್ಪ ಅದಕ್ಕಾಗಿ ಕಾಯುತ್ತಿದ್ದ. ನಿಜ ಹೇಳಬೇಕೆಂದರೆ ನನಗೆ ಅದು ಗಾಳದ ಹುಚ್ಚೆಂದು ಅನ್ನಿಸಲಿಲ್ಲ. ಬಟ್ಟೆ ವಾಪಸ್ಸು ಬಂದ ಮನೆಗಳ ಬಾಗಿಲಿಗೆ ಮತ್ತೆ ಹೋಗುವುದು ಅವನಿಂದ ಆಗುತ್ತಿರಲಿಲ್ಲ. ಇಲ್ಲಿ ಕೂತರೆ ಯಾರೂ ಏನೂ ಕೇಳುವುದಿಲ್ಲ. ಮೇಲಾಗಿ ಇಲ್ಲಿ ಅವನು ಎಲ್ಲರಿಗಿಂತ ಮುಂದು.

ಕೊನೆಗೆ ನಾನು ಸೆಲ್ವರಾಜನ ಹತ್ತಿರ ಮಾತಾಡಿದೆ. ಮುಂದಿನ ರಜೆಯ ದಿನ ಅವನು ಬಂದವನು ತನ್ನ ಗಳ ಬಿಚ್ಚಲಿಲ್ಲ. ಕೆಂಚಪ್ಪನ ಪಕ್ಕ ಹೋಗಿ ಕೂತ.

"ಕೆಂಚಪ್ಪ, ಆ ಗಳ ಕೊಡು."

"ಯಾಕಣ್ಣ?"

"ನಾನು ಮಾಡಿಕೊಟ್ಟಿದ್ದು, ನಾನೇ ವಾಪಸ್ ಕೇಳ್ತಾ ಇದೀನಿ. ಕೇಳು, ನಾನು ಆರು ದಿನ ಮೆಷಿನ್ ಸದ್ದಲ್ಲಿ ನಿಂತು ಏಳನೇ ದಿನ ಇಲ್ಲಿ ಕೂತ್ಕೋತೀನಿ. ಆ ಆರು ದಿನ ಇರೋದಕ್ಕೇ ಇದು ಚೆನ್ನಾಗಿರೋದು. ನೀನು ಏಳೂ ದಿನ ಕೂತಿದೀಯ. ಇದು ಮೀನು ಹಿಡಿಯೋದಲ್ಲಪ್ಪ."

ಕೆಂಚಪ್ಪ ಬೆಂಡನ್ನು ನೀರಿನಿಂದ ಎತ್ತಿದ. ಆಮೇಲೆ ದಾರ ಸುತ್ತಿ, ಗಾಳವನ್ನು ಬಿದಿರಿಗೆ ಚುಚ್ಚಿ, ಗಳವನ್ನು ಎರಡು ಕೈಯಲ್ಲಿ ಕೊಟ್ಟ. "ಅವಳು ಬಾ ಅಂತಾಳಾ ಅಣ್ಣ?" ಎಂದ.

"ಅದು ನನಗೇನು ಗೊತ್ತು. ಹೋಗಿ ಕೇಳು."

ಮರುದಿನ ಬೆಳಿಗ್ಗೆ ಅವನು ಕತ್ತೆ ಹೊಡೆದುಕೊಂಡು ಮಾಗಡಿ ರಸ್ತೆಯಲ್ಲಿ ರಾಜಾಜಿನಗರದ ಕಡೆ ಹೋಗುತ್ತಿದ್ದುದನ್ನು ನಾನು ಸೈಕಲ್ಲಿನಿಂದ ಕಂಡೆ. ಮಾತಾಡಿಸಲಿಲ್ಲ. ಅವನೂ ನನ್ನನ್ನು ಕಾಣದವನಂತೆ ನಡೆದ. ಅವಳು ಬಾ ಎಂದಳೋ ಇಲ್ಲವೋ, ಅಂತೂ ಅವನು ಅಲ್ಲೇ ಉಳಿದ.

ಆ ಬೇಸಿಗೆಯಲ್ಲಿ ಕೆರೆ ತಳ ಕಂಡಿತು. ಕೆಳಗಿನ ರೈತರು ತೂಬು ತೆರೆಸಿಕೊಂಡು ಕೊನೆಯ ನೀರನ್ನೂ ಹರಿಸಿಕೊಂಡ ಮೇಲೆ, ನಡುವಿನಲ್ಲಿ ಒಂದು ಮಡು ಮಾತ್ರ ಉಳಿಯಿತು. ಗೆಂಡೆಗಳೆಲ್ಲ ಅದರೊಳಗೆ. ಪೊನ್ನಪ್ಪನವರು ದಂಡೆಯ ಮೇಲೆ ನಿಂತು ನೋಡಿದರು. "ಇಷ್ಟು ದಿನ ಗಾಳ ಹಾಕಿ ಕೂತಿದ್ದು ಸಾಕು. ಊರವರನ್ನ ಕರಿ" ಎಂದರು. ಜನ ಮಂಕರಿ, ಬುಟ್ಟಿ, ಹಳೆಯ ಸೀರೆ ಹಿಡಿದು ಕೆಸರಿಗೆ ಇಳಿದರು. ರಜೆ ಹಾಕಿ ಬಂದಿದ್ದ ಸೆಲ್ವರಾಜ್ ದಂಡೆಯಲ್ಲೇ ಕೂತ. ಹೀಗೆ ಹಿಡಿಯುವುದು ಅವನಿಗೆ ಬೇಕಿರಲಿಲ್ಲ. ಎಲ್ಲರ ದಾರ ಹರಿದ ಆ ದೊಡ್ಡ ಗೆಂಡೆ ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬ ಮುದುಕಿಯ ಮಂಕರಿಯಲ್ಲಿ ಬಂತು. ಅದರ ಬಾಯಿಯ ಎರಡು ಮೂಲೆಯ ಮೀಸೆ ಅಲುಗುತ್ತಿತ್ತು, ತುಟಿಯಲ್ಲಿ ಹಳೆಯ ಗಾಳಗಳ ಗಾಯ. ನನಗೆ ಆ ಮೀನಿನ ಮೇಲೆ ಮರುಕ ಬಂತು. ನಾವು ಬಿಟ್ಟ ಕಡೆ ಅದು ಬದುಕಿತ್ತು, ಅದಕ್ಕೆ ಬರುವ ರೀತಿಯಲ್ಲಿ ಬದುಕಿತ್ತು. ಅದರಲ್ಲಿ ಅದರ ತಪ್ಪು ಏನೂ ಇರಲಿಲ್ಲ.

ಮೇಲಿನವರಿಂದ ಪೊನ್ನಪ್ಪನವರಿಗೆ ಏನು ಬಂತೆಂದು ಅವರು ನನಗೆ ಹೇಳಲಿಲ್ಲ. ಒಂದೆರಡು ದಿನ ಮಾತು ಕಡಿಮೆಯಿತ್ತು, ಅಷ್ಟೇ. ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಬಂತು. ಬಟ್ಟೆ ಒಗೆಯುವ ಕೆರೆಗೆ ಈ ಗೆಂಡೆ ಬೇಡ. ಮೇಲಿನ ನೀರಿನಲ್ಲಿ ತಿಂದುಕೊಂಡಿರುವ ಕಾಟ್ಲಾ ಸಾಕು. ಮರಿ ಬಿಡುವ ಮೊದಲು ಒಬ್ಬ ಫೀಲ್ಡ್‌ಮನ್ ಕೆರೆಯನ್ನು ಒಂದು ಸುತ್ತು ನಡೆದು, ಯಾರು ಯಾರು ಯಾವ ಹೊತ್ತಿಗೆ ಆ ನೀರಿಗೆ ಬರುತ್ತಾರೆ ಎಂದು ನೋಡಿ ಬರಬೇಕು. ಹೊಸದಾಗಿ ಸೇರಿದವರಿಗೆ ನಾನು ಹೇಳುವುದಿದ್ದರೆ ಇದೊಂದೇ. ಅದು ಪಾಠದಲ್ಲಿ ಇದೆಯೋ ಇಲ್ಲವೋ ನನಗೆ ತಿಳಿಯದು.

ಮುಂಗಾರಿನಲ್ಲಿ ಕೆರೆ ತುಂಬಿತು. ಮಣ್ಣು ಕೆಳಗೆ ಇಳಿದ ಮೇಲೆ ನೀರು ತಿಳಿಯಾಗಿ ನಿಂತಿತು. ಒಗೆಯುವ ಕಲ್ಲುಗಳ ಬುಡದ ತನಕ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಆ ದಿನವೇ ರಾಜಾಜಿನಗರಕ್ಕೆ ಸೈಕಲ್ಲು ತಿರುಗಿಸಿದೆ.

ಬೇವಿನ ಮರದ ಕೆಳಗೆ ನಂಜಮ್ಮ ಇಸ್ತ್ರಿ ಮಾಡುತ್ತಿದ್ದಳು. ಪಕ್ಕದಲ್ಲಿ ಮಡಿಸಿದ ಬಟ್ಟೆಗಳ ಎತ್ತರದ ಕಟ್ಟು. ಕೆಂಚಪ್ಪ ಬಟ್ಟೆ ಮನೆಗಳಿಗೆ ಕೊಡಲು ಹೋಗಿದ್ದನಂತೆ. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಮೀನು ತೆಗೆದದ್ದು, ಕೆರೆ ತುಂಬಿದ್ದು, ನೀರು ತಿಳಿಯಾದದ್ದು, ಕಲ್ಲುಗಳು ಹಾಗೇ ಇರುವುದು.

"ಒಳ್ಳೇದಾಯ್ತು" ಎಂದಳು. ಪೆಟ್ಟಿಗೆಯನ್ನು ಎತ್ತಿ ಬೂದಿ ಊದಿದಳು.

"ವಾಪಸ್ಸು ಬರಬಹುದು ನಂಜಮ್ಮ."

"ಬರಾಕಿಲ್ಲ ಸಾಮಿ."

ಅವಳು ಒಂದು ಅಂಗಿಯ ತೋಳನ್ನು ಪೂರ್ತಿ ಮುಗಿಸಿ, ತಿರುಗಿಸಿ ಹಾಕಿದ ಮೇಲೆ ಮಾತಾಡಿದಳು.

"ಹನ್ನೆರಡರ ವಯಸ್ಸಿಂದ ನೀರಲ್ಲಿ ನಿಂತಿದ್ದೆ. ಚಳಿಗಾಲದಾಗೆ ಮೊಣಕಾಲು ಕೆಳಗೆ ಇದೆಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ಇಲ್ಲಿ ಒಣಗಿದ ನೆಲದ ಮೇಲೆ ನಿಂತು ದುಡೀತೀನಿ. ನಿಮ್ಮ ಮೀನು ಬರದೇ ಇದ್ದಿದ್ರೆ ಇವತ್ತೂ ಅಲ್ಲೇ ನಿಂತಿರ್ತಿದ್ದೆ." ಅಂಗಿಯ ಇನ್ನೊಂದು ತೋಳು ಎಳೆದುಕೊಂಡು, "ಆದ್ರೆ ಆ ಸೀರೆ ಹೊಸಲ ಮೇಲೆ ಬಿದ್ದಿದ್ದನ್ನ ಮರೆಯಾಕೆ ಆಗಾಕಿಲ್ಲ. ಅದಕ್ಕೆ ನಿಮಗೆ ಕೈ ಮುಗೀಬೇಕೋ, ಬೈಬೇಕೋ, ನಂಗೆ ಇವತ್ತಿಗೂ ತಿಳೀದು" ಎಂದಳು.

"ಕೆಂಚಪ್ಪ ಹೇಗಿದ್ದಾನೆ?"

"ಅವನಿಗೆ ಆ ಕೆರೇದೇ ಧ್ಯಾನ. ಮೀನೆಲ್ಲ ತೆಗೆದ್ರು ಅಂತ ಕೇಳಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ." ಅವಳು ನಕ್ಕಳು, ಜೋರಾಗಲ್ಲ. "ಬೇರೆ ಯಾವ ಕೆರೇಲಿ ಬುಟ್ಟಿದೀರಿ ಅಂತ ಅವನಿಗೆ ಮಾತ್ರ ಹೇಳ್ಬ್ಯಾಡಿ."

ನಾನು ಸೈಕಲ್ಲು ಹಿಡಿದುಕೊಂಡು ಹೊರಡಲು ತಿರುಗಿದೆ. "ನಿಂತ್ಕೊಳಿ" ಎಂದಳು. ನನ್ನ ಬೆನ್ನನ್ನು ನೋಡಿದ್ದಳು. ಬೆಳಗಿನಿಂದ ಕೆರೆಯಂಚಿನಲ್ಲಿ ಅಲೆದ ಅಂಗಿ ಮುದ್ದೆಯಾಗಿತ್ತು. "ಗೌರ್ಮೆಂಟ್ ಕೆಲಸದೋರು ಹಿಂಗಾ ಓಡಾಡೋದು? ಬಿಚ್ಚಿ ಕೊಡಿ."

ಬೇಡವೆಂದೆ. ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ನಾನು ಮರದ ಹಿಂದೆ ಹೋಗಿ ಅಂಗಿ ಬಿಚ್ಚಿಕೊಟ್ಟು, ಹಾಡಹಗಲು ರಾಜಾಜಿನಗರದ ಬೀದಿಯಲ್ಲಿ ಬನಿಯನ್ನಿನಲ್ಲಿ ನಿಂತೆ. ಹೋಗುವವರು ಬರುವವರು ನೋಡಿದರು. ಅವಳು ನೀರು ಚಿಮುಕಿಸಿದಳು, ಬೆನ್ನು, ತೋಳು, ಕೊರಳಪಟ್ಟಿ, ಒಂದೊಂದಾಗಿ ಒತ್ತಿದಳು, ಅವಸರವಿಲ್ಲದೆ. ಕೊನೆಗೆ ಹಗುರವಾಗಿ ಮಡಚಿ ಮರದ ಆಚೆಯಿಂದ ಕೊಟ್ಟಳು. ಹಾಕಿಕೊಂಡು ಗುಂಡಿ ಹಾಕುವಾಗ ಬೆನ್ನಿಗೆಲ್ಲ ಬೆಚ್ಚಗಾಯಿತು. ಆ ಬಿಸಿ ಆರುವ ಮೊದಲೇ ಮಾಗಡಿ ರಸ್ತೆಗೆ ಬಂದೆ. ಕಚೇರಿಗೆ ಹೋಗಬೇಕಿತ್ತು, ಸ್ವಲ್ಪ ದೂರ ಸೈಕಲ್ಲು ತುಳಿಯದೆ ತಳ್ಳಿಕೊಂಡೇ ನಡೆದೆ.